ಎರಡು ಗೆರೆ ಎಂದರೆ ಎಷ್ಟು?

ಬೆಕ್ಕಿಗೂ ಮಧುಮೇಹ ಬರುವುದುಂಟೆಂದು ಹೇಳಿದರೆ ನಗುವ ಗೆಳೆಯರು ನಮಗೆ ಅನೇಕರಿದ್ದಾರೆ. ಅದಕ್ಕೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಬೇಕೆಂದರಂತೂ ಆ ನಗೆ ಇಮ್ಮಡಿಯಾಗುತ್ತದೆ. ಆದರೆ ಮನುಷ್ಯನಿಗಿರುವಂತೆಯೇ ಬೆಕ್ಕಿಗೂ ಮೇದೋಜೀರಕ ಗ್ರಂಥಿಯುಂಟು. ಅದು ಸ್ರವಿಸುವ ಇನ್ಸುಲಿನ್ ಸಾಲದೆ ಹೋದರೆ ರಕ್ತದಲ್ಲಿ ಸಕ್ಕರೆ ಏರುವುದೂ ಒಂದೇ ಬಗೆಯಲ್ಲಿ. ವಯಸ್ಸಾದ, ಮೈ ತುಂಬಿಕೊಂಡ, ಬೀಜ ತೆಗೆಸಿದ ಗಂಡು ಬೆಕ್ಕುಗಳಲ್ಲಿ ಈ ರೋಗ ಹೆಚ್ಚಾಗಿ ಕಾಣುತ್ತದೆ. ನಮ್ಮ ಮನೆಯ ಕೆಂಚ ಈ ಮೂರು ಲಕ್ಷಣಗಳಿಂದಲೂ ಕೂಡಿದವನು. ಅವನು ನೀರಿನ ಬಟ್ಟಲನ್ನು ಬಿಟ್ಟು ಕದಲದೆ, ಹೊಟ್ಟೆ ತುಂಬ ತಿಂದೂ ಬಡಕಲಾಗುತ್ತ, ಹಿಂಗಾಲಿನ ಹಿಮ್ಮಡಿಗಳನ್ನು ನೆಲಕ್ಕೆ ಊರಿ ನಡೆಯತೊಡಗಿದಾಗ ಪಶುವೈದ್ಯರು ಪರೀಕ್ಷಿಸಿ ರೋಗವನ್ನು ಗುರುತಿಸಿದರು.

ಅವರು ಬರೆದುಕೊಟ್ಟದ್ದು ಗ್ಲಾರ್ಜಿನ್ ಎಂಬ ಇನ್ಸುಲಿನ್. ಮೊದಲು ಒಂದು ಯೂನಿಟ್ಟು, ಅನಂತರ ಎರಡು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಸಿರಿಂಜುಗಳು ಮುಗಿದುವು. ಕಾಲೇಜಿನಿಂದ ಬರುವ ದಾರಿಯಲ್ಲಿ ಔಷಧದ ಅಂಗಡಿಯೊಂದರಲ್ಲಿ ‘ಇನ್ಸುಲಿನ್ ಸಿರಿಂಜು ಕೊಡಿ’ ಎಂದೆವು, ಕೊಟ್ಟರು. ಹಿಂದಿನವುಗಳಿಗೆ ಕಿತ್ತಳೆ ಬಣ್ಣದ ಮುಚ್ಚಳವಿತ್ತು, ಇವುಗಳಿಗೆ ಕೆಂಪು. ಬಣ್ಣದಲ್ಲೇನಿದೆ ಎಂದುಕೊಂಡು, ಮರುದಿನ ಬೆಳಗ್ಗೆ ಎಂದಿನಂತೆ ಎರಡನೆಯ ಗೆರೆಯವರೆಗೆ ಔಷಧವನ್ನೆಳೆದು ಚುಚ್ಚಿದೆವು.

ಮಧ್ಯಾಹ್ನದ ಹೊತ್ತಿಗೆ ಕೆಂಚ ಅಕ್ಕಿಯ ಡಬ್ಬದ ಹಿಂದೆ ಬಿದ್ದುಕೊಂಡಿದ್ದ. ಕರೆದರೆ ಗುರುತಿಲ್ಲ, ಎಬ್ಬಿಸಿದರೆ ಕಾಲು ನಿಲ್ಲದು. ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಮೀಟರು ತೋರಿಸಿದ್ದು 41. ಒಸಡಿಗೆ ಜೇನನ್ನು ಸವರಿ, ಬುಟ್ಟಿಯಲ್ಲಿಟ್ಟುಕೊಂಡು ವೈದ್ಯರಲ್ಲಿಗೆ ಓಡಿದೆವು. ರಾತ್ರಿಯೆಲ್ಲ ನರಕ್ಕೆ ಗ್ಲೂಕೋಸು ಕೊಟ್ಟು ಅವನನ್ನು ಉಳಿಸಿದರು.

ಆದ ತಪ್ಪೇನೆಂಬುದು ಎರಡು ಸಾಲಿನ ಲೆಕ್ಕ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್ಟು, ಇನ್ನೊಂದರಲ್ಲಿ 100. ಆಯಾ ಸೀಸೆಗೆ ಆಯಾ ಸಿರಿಂಜು. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆಯದು 100ಕ್ಕೆ. ಸಿರಿಂಜಿನ ಮೇಲಿರುವ ಗೆರೆಗಳು ಯೂನಿಟ್ಟುಗಳನ್ನು ಅಳೆಯುವುದಿಲ್ಲ. ಅವು ಅಳೆಯುವುದು ಗಾತ್ರವನ್ನು ಮಾತ್ರ. 40ರ ಸಿರಿಂಜಿನಲ್ಲಿ 2 ಎಂಬ ಗೆರೆಯೆಂದರೆ ಮಿಲಿಲೀಟರಿನ ಇಪ್ಪತ್ತರಲ್ಲೊಂದು ಭಾಗ. ಅಷ್ಟೇ ಗಾತ್ರದಲ್ಲಿ 100ರ ಸೀಸೆಯ ಔಷಧವಿದ್ದರೆ ಅದು 5 ಯೂನಿಟ್ಟು. ಕೆಂಚನ ಮೈಸೇರಿದ್ದು ಎರಡಲ್ಲ, ಎರಡೂವರೆ ಪಟ್ಟು.

ಮನೆಗೆ ಬಂದು ಈ ಲೆಕ್ಕವನ್ನು ವಿವರಿಸಿದಾಗ ನಮ್ಮ ಮನೆಯವರು, ‘ಉತ್ತರದ ಮುಂದೆ ಏಕಮಾನ ಬರೆಯದ ಹುಡುಗರಿಗೆ ಅಂಕ ಕತ್ತರಿಸುವವರು ನೀವೇ ಅಲ್ಲವೆ?’ ಎಂದು ಕೇಳಿದರು. ಹತ್ತು ವರ್ಷಗಳಿಂದ ಭೌತಶಾಸ್ತ್ರ ಬೋಧಿಸುತ್ತಿರುವ ನಾವು ಅದಕ್ಕೆ ಉತ್ತರ ಹೇಳಲಿಲ್ಲ.

ಇನ್ಸುಲಿನ್ನಿನ ಏಕಮಾನ ಹುಟ್ಟಿದ ಬಗೆಯೂ ವಿಚಿತ್ರವೇ. 1921ರಲ್ಲಿ ಟೊರಾಂಟೋವಿನಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದರ ಸಾರವನ್ನು ತೆಗೆದಾಗ ಅದು ಶುದ್ಧ ವಸ್ತುವಾಗಿರಲಿಲ್ಲ, ತೂಗಿ ಪ್ರಯೋಜನವಿರಲಿಲ್ಲ. ಆದಕಾರಣ ಉಪವಾಸವಿಟ್ಟ ಮೊಲದ ರಕ್ತದ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ ಇಳಿಸಲು ಎಷ್ಟು ಬೇಕೋ ಅದರ ಮೇಲೆ ಯೂನಿಟ್ಟನ್ನು ಗೊತ್ತುಪಡಿಸಿದರು. ಕೆಂಚನ ಮೈಯಲ್ಲಿ ನಾವು ಅರಿಯದೆ ಮಾಡಿದ್ದು ಹೆಚ್ಚು ಕಡಮೆ ಅದೇ ಪ್ರಯೋಗ. ಇಂದು ಒಂದು ಯೂನಿಟ್ಟೆಂದರೆ 0.0347 ಮಿಲಿಗ್ರಾಂ ಮಾನವ ಇನ್ಸುಲಿನ್ನಿಗೆ ಸಮ. 100ರ ಸೀಸೆಯಲ್ಲಿ ಅದರ ಗಾತ್ರ ಒಂದು ಹನಿಯ ಐದನೆಯ ಒಂದು ಭಾಗದಷ್ಟು. ಸಿರಿಂಜಿನೊಳಗೆ ಕೊತ್ತಂಬರಿ ಕಾಳಿಗಿಂತ ಕಿರಿದಾದ ಗಾಳಿಯ ಗುಳ್ಳೆಯೊಂದು ಸೇರಿಕೊಂಡರೆ ಇಡೀ ಯೂನಿಟ್ಟೇ ಮಾಯವಾದೀತು. ಎಪ್ಪತ್ತು ಕಿಲೋಗ್ರಾಂ ತೂಕದ ಮನುಷ್ಯ ಮೂರು ಯೂನಿಟ್ಟಿನ ತಪ್ಪನ್ನು ಹೇಗೋ ತಾಳಿಕೊಂಡಾನು. ಐದು ಕಿಲೋಗ್ರಾಮಿನ ಬೆಕ್ಕು ತಾಳಲಾರದು.

ಬ್ರಿಟನ್ನಿನಲ್ಲಿ 1983ರಲ್ಲಿಯೇ ಮನುಷ್ಯರ ಇನ್ಸುಲಿನ್ನನ್ನೆಲ್ಲ 100ರ ಒಂದೇ ಸಾಂದ್ರತೆಗೆ ತಂದರು. ನಮ್ಮಲ್ಲಿಯೂ ಹಾಗಾಗಬೇಕೆಂಬುದು ನಮ್ಮ ಅಭಿಪ್ರಾಯ. 40ರ ಸೀಸೆಗೆ ಒಗ್ಗಿಹೋದ ರೋಗಿಗಳು ಬಹಳ ಮಂದಿ, ಬದಲಾವಣೆಯ ಕಾಲದಲ್ಲಿಯೇ ತಪ್ಪುಗಳು ಹೆಚ್ಚು ಎಂಬ ಆಕ್ಷೇಪವುಂಟು, ಅದು ನಿರಾಧಾರವಲ್ಲ. ಪ್ರಾಣಿಗಳಿಗೆಂದೇ ತಯಾರಾಗುವ ಇನ್ಸುಲಿನ್ನುಗಳು ಇಂದಿಗೂ 40ರವೇ ಎಂಬುದೂ ನಿಜ. ಹೀಗಿರುವಲ್ಲಿ ಕನಿಷ್ಠಪಕ್ಷ ಇಷ್ಟಾದರೂ ನಡೆಯಲಿ: ವೈದ್ಯರ ಚೀಟಿಯಲ್ಲಿ ‘2 ಯೂನಿಟ್ಟು’ ಎಂಬುದರ ಜೊತೆಗೆ ಸೀಸೆಯ ಸಾಂದ್ರತೆಯೂ ಸಿರಿಂಜಿನ ಬಗೆಯೂ ಬರೆದಿರಲಿ, ಯಾವ ಸೀಸೆಗೆಂದು ಕೇಳದೆ ಯಾವ ಅಂಗಡಿಯವರೂ ಸಿರಿಂಜು ಮಾರದಿರಲಿ. ಬೆಕ್ಕಿನ ಮನೆಯವರು ಅರ್ಧ ಯೂನಿಟ್ಟಿಗೂ ಗೆರೆಯಿರುವ, 0.3 ಮಿಲಿಲೀಟರಿನ ಸಣ್ಣ ಸಿರಿಂಜನ್ನು ಕೇಳಿ ತರುವುದು ಒಳ್ಳೆಯದು.

ಇಷ್ಟೆಲ್ಲ ತೊಡಕಿರುವಾಗ ಈ ಕೆಲಸ ಮನೆಯವರಿಗೇಕೆ, ಆಸ್ಪತ್ರೆಗೇ ಬಿಡಬಾರದೆ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ದಿನಕ್ಕೆ ಎರಡು ಬಾರಿ ಆಸ್ಪತ್ರೆಗೆ ಹೋಗುವುದು ಆಗದ ಮಾತು. ಅಲ್ಲದೆ ಬೆಕ್ಕು ಹೆದರಿದರೆ ಸಾಕು, ಅದರ ರಕ್ತದ ಸಕ್ಕರೆ ತಾನಾಗಿ ಏರುತ್ತದೆ. ನಾಯಿಗಳ ಬೊಗಳಿನ ನಡುವೆ ಅಳೆದ ಅಂಕಿಯು ರೋಗದ್ದೆಷ್ಟು, ಭಯದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕಿಟಕಿಯ ಬಳಿ ತೂಕಡಿಸುತ್ತಿರುವಾಗ ಅಳೆದ ಅಂಕಿಯೇ ಹೆಚ್ಚು ನಂಬತಕ್ಕದ್ದು. ಮನುಷ್ಯರಿಗೆಂದು ಮಾಡಿದ ಮೀಟರು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಮೆ ತೋರಿಸುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಮನೆಯಲ್ಲಿ ಈಗ ಚುಚ್ಚುವವರು ಒಬ್ಬರೇ. ಚುಚ್ಚಿದೊಡನೆ ಪುಸ್ತಕದಲ್ಲಿ ಬರೆಯಬೇಕು. ಕೊಟ್ಟೆವೋ ಇಲ್ಲವೋ ಎಂಬ ಸಂಶಯ ಬಂದರೆ ಆ ಹೊತ್ತಿನದನ್ನು ಕೊಡುವುದಿಲ್ಲ. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರೀತು; ಎರಡು ಬಾರಿ ಕೊಟ್ಟರೆ ಪ್ರಾಣವೇ ಹೋದೀತು. ಬೆಕ್ಕು ಊಟ ಬಿಟ್ಟ ದಿನ ವೈದ್ಯರನ್ನು ಕೇಳದೆ ಸಿರಿಂಜನ್ನು ಮುಟ್ಟುವುದಿಲ್ಲ.

ಆಹಾರದ ವಿಷಯ ನಮ್ಮಂಥ ಮನೆಗಳಲ್ಲಿ ಇದಕ್ಕಿಂತ ಬಿಕ್ಕಟ್ಟಿನದು. ಬೆಕ್ಕು ಹುಟ್ಟಾ ಮಾಂಸಾಹಾರಿ. ಪಿಷ್ಟವನ್ನು ಅರಗಿಸಿ ಬಂದ ಸಕ್ಕರೆಯನ್ನು ನಿರ್ವಹಿಸುವ ಶಕ್ತಿ ಅದರ ಯಕೃತ್ತಿಗೆ ಕಡಮೆ. ಕೆಂಚನಾದರೋ ಹತ್ತು ವರ್ಷ ನಮ್ಮ ತಾಯಿಯವರ ಕೈಯ ಮೊಸರನ್ನವನ್ನುಂಡು ಬೆಳೆದವನು. ಮೀನಿನ ಡಬ್ಬಿಯನ್ನು ಮನೆಗೆ ತರುವ ಮಾತು ಒಂದು ವಾರ ನಡೆಯಿತು. ಕೊನೆಗೆ, ಡಬ್ಬಿಯನ್ನು ಹಿತ್ತಿಲಲ್ಲಿಯೇ ತೆರೆಯತಕ್ಕದ್ದೆಂಬ ಕರಾರಿನ ಮೇಲೆ ಅವರು ಒಪ್ಪಿದರು. ಹೀಗೆ ಪಿಷ್ಟ ಕಡಮೆಯಾದೊಡನೆ ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ. ಬೇಗನೆ ಚಿಕಿತ್ಸೆ ದೊರೆತ ಕೆಲವು ಬೆಕ್ಕುಗಳಿಗೆ ಅದು ಬೇಡವೇ ಆಗುವುದುಂಟು. ಆಗ ನಿನ್ನೆಯ ಸರಿಯಾದ ಪ್ರಮಾಣವೇ ಇಂದು ವಿಷವಾಗಬಹುದಾದ್ದರಿಂದ, ಊಟ ಬದಲಿಸುವುದನ್ನೂ ವೈದ್ಯರಿಗೆ ತಿಳಿಸಿಯೇ ಮಾಡಬೇಕು.

ಕೆಂಚ ಈಗ ಒಂದು ಯೂನಿಟ್ಟಿಗೆ ಇಳಿದಿದ್ದಾನೆ. ಉಳಿದಿದ್ದ ಕೆಂಪು ಮುಚ್ಚಳದ ಸಿರಿಂಜುಗಳ ಸೂಜಿಯನ್ನು ಕತ್ತರಿಸಿ ನಾವು ಕಾಲೇಜಿನ ಪ್ರಯೋಗಶಾಲೆಗೆ ಒಯ್ದಿದ್ದೇವೆ. ಮೊದಲ ವರ್ಷದ ವಿದ್ಯಾರ್ಥಿಗಳು ಎರಡು ಬಗೆಯ ಸಿರಿಂಜುಗಳಲ್ಲಿಯೂ ಬಣ್ಣದ ನೀರನ್ನೆಳೆದು ಎರಡು ಗೆರೆಯೆಂದರೆ ಎಷ್ಟೆಂದು ತೂಗಿ ನೋಡುತ್ತಿದ್ದಾರೆ.