ಹಳೆಯ ಕ್ಯಾಮೆರಾ, ಹೊಸ ಮಿಂಚು

ಪುಣೆಯ ನಮ್ಮ ಮನೆಯ ಬೀರುವಿನಲ್ಲಿ ತಂದೆಯವರ ಯಾಶಿಕಾ ಮ್ಯಾಟ್ ಬಹುಕಾಲ ಸುಮ್ಮನೆ ಕುಳಿತಿತ್ತು. 1957ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಾದ ಎರಡು ಕಣ್ಣಿನ ಯಂತ್ರ. ಕಳೆದ ವರ್ಷ ಧಾರವಾಡದಲ್ಲಿ ದೊಡ್ಡಮ್ಮನವರ ಸಹಸ್ರಚಂದ್ರ ದರ್ಶನ ಶಾಂತಿಗೆ ಹೊರಟಾಗ ಅದನ್ನು ಒಯ್ದೆವು. ನಡುಮನೆ ಕತ್ತಲೆಯದು, ಆದ್ದರಿಂದ ಈಚೆಗೆ ಕೊಂಡ ಎಲೆಕ್ಟ್ರಾನಿಕ್ ಫ್ಲ್ಯಾಷನ್ನು ತಂತಿಯಿಂದ ಜೋಡಿಸಿದೆವು. ಹನ್ನೆರಡು ಸಲ ಬೆಳಕು ಮಿಂಚಿತು. ದೊಡ್ಡಮ್ಮ ಹನ್ನೆರಡು ಸಲ ಕಣ್ಣು ಮಿಟುಕಿಸಿದರು. ರೋಲು ತೊಳೆದು ಬಂದಾಗ ಕಂಡದ್ದು ಕಿಟಕಿಯ ಚೌಕ, ಆರತಿಯ ಚುಕ್ಕೆಗಳು. ದೊಡ್ಡಮ್ಮ ಒಂದರಲ್ಲೂ ಇರಲಿಲ್ಲ.

ಹಳತಿಗೂ ಹೊಸತಿಗೂ ಹೊಂದಿಕೆಯಾಗದು ಎಂದು ಬಂಧುಗಳು ತೀರ್ಪಿತ್ತರು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ತಪ್ಪು ಯಂತ್ರಗಳದ್ದಲ್ಲ, ನಮ್ಮದು. ಮಸೂರದ ಪಕ್ಕದ ಪುಟ್ಟ ಸನ್ನೆಕೋಲು ‘ಎಂ’ನಲ್ಲಿತ್ತು, ‘ಎಕ್ಸ್’ನಲ್ಲಿರಬೇಕಿತ್ತು. ‘ಎಂ’ ಎಂಬುದು ಅಂದಿನ ಉರಿಯುವ ಬಲ್ಬುಗಳಿಗಾಗಿ. ಅವು ಪೂರ್ಣ ಪ್ರಕಾಶಕ್ಕೆ ಬರಲು ಸುಮಾರು 20 ಮಿಲಿಸೆಕೆಂಡು ಬೇಕು. ಹಾಗಾಗಿ ಮೊದಲು ಬಲ್ಬು ಹೊತ್ತಿಸಿ, ಆಮೇಲೆ ಷಟರ್ ತೆರೆಯುತ್ತದೆ. ಇಂದಿನ ಫ್ಲ್ಯಾಷ್ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಬಾಗಿಲು ತೆರೆಯುವ ಮುನ್ನವೇ ಅತಿಥಿ ಬಂದು ಹೋದಂತೆ.

ಹೊಸ ಫ್ಲ್ಯಾಷಿನಿಂದ ಹಳೆಯ ಕ್ಯಾಮೆರಾ ಸುಟ್ಟೀತೆಂಬ ಭಯವೂ ತಲೆಕೆಳಗಾದದ್ದು. ಹಳೆಯ ಫ್ಲ್ಯಾಷುಗಳಲ್ಲಿ ಕೆಲವು ಕ್ಯಾಮೆರಾದ ಸಂಪರ್ಕಕ್ಕೆ 200 ವೋಲ್ಟಿಗೂ ಮೀರಿ ಒಡ್ಡುತ್ತವೆ. ಅವನ್ನು ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಬಾರದು. ನಮ್ಮ ಯಾಶಿಕಾದಲ್ಲಿ ಸುಡಲು ಸರ್ಕ್ಯೂಟೇ ಇಲ್ಲ, ಪರಸ್ಪರ ತಾಗುವ ಎರಡು ಲೋಹದ ತುಣುಕುಗಳಷ್ಟೆ. ಮೇಲಾಗಿ ಅದರ ಷಟರ್ ಮಸೂರದೊಳಗೇ ಇರುವುದರಿಂದ ‘ಎಕ್ಸ್’ನಲ್ಲಿ 1/500 ಸೆಕೆಂಡಿನವರೆಗೂ ಫ್ಲ್ಯಾಷ್ ಹೊಂದುತ್ತದೆ. ಪರದೆಯ ಷಟರಿನ ಪೆಂಟಾಕ್ಸ್ ಕೆ1000ಕ್ಕೆ 1/60ರ ಮಿತಿಯಿದೆ.

ಬಲ್ಬನ್ನೇ ಹುಡುಕಿ ತರಬೇಕು, ಅದೇ ಶುದ್ಧ ಸಂಪ್ರದಾಯ ಎನ್ನುವ ಮಿತ್ರರೊಬ್ಬರಿದ್ದಾರೆ. ಒಂದು ಬಲ್ಬಿಗೆ ಒಂದೇ ಚಿತ್ರ. 1946ರಲ್ಲಿ ಚರಕದ ಬಳಿ ಕುಳಿತ ಗಾಂಧೀಜಿಯವರನ್ನು ಚಿತ್ರಿಸಲು ಮಾರ್ಗರೆಟ್ ಬರ್ಕ್-ವೈಟ್ ಅವರಿಗೆ ಮೂರು ಬಲ್ಬುಗಳ ಅನುಮತಿ ದೊರೆಯಿತು; ಎರಡು ವ್ಯರ್ಥವಾದವು ಎಂದು ಆಕೆಯೇ ಬರೆದಿದ್ದಾರೆ. ಆಕೆಗೆ ಬೇರೆ ದಾರಿಯಿರಲಿಲ್ಲ, ನಮಗಿದೆ.

ಆದರೆ ಹೊಸ ಫ್ಲ್ಯಾಷಿನ ಜಾಣತನವೆಲ್ಲ ಇಲ್ಲಿ ನಿರುಪಯೋಗಿ. ಬೆಳಕನ್ನು ತಾನೇ ಅಳೆದು ನಿಲ್ಲಿಸುವ ಟಿಟಿಎಲ್ ಭಾಷೆ ಯಾಶಿಕಾಕ್ಕೆ ತಿಳಿಯದು. ಅದನ್ನು ಮ್ಯಾನ್ಯುಯಲ್‌ನಲ್ಲಿಟ್ಟು ಲೆಕ್ಕವನ್ನು ನಾವೇ ಹಾಕಬೇಕು. ಗೈಡ್ ಸಂಖ್ಯೆಯನ್ನು ಮೀಟರಿನ ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ: ಸಂಖ್ಯೆ 32, ದೂರ 4 ಮೀಟರ್, ಎಫ್ 8. ಇದು 100 ಐಎಸ್‌ಒ ಫಿಲ್ಮಿಗೆ. 400ಕ್ಕೆ ಎಫ್ 16. ಪೆಟ್ಟಿಗೆಯ ಮೇಲೆ ಮುದ್ರಿಸಿದ ದೊಡ್ಡ ಅಂಕಿಯನ್ನು ಮಾತ್ರ ನಂಬಬೇಡಿ. ಅದು ಸಾಮಾನ್ಯವಾಗಿ ಬೆಳಕನ್ನು ಅತಿ ಕಿರಿದಾಗಿ ಕೂಡಿಸಿದಾಗಿನದು. ದಿನವಿಡೀ ಕಡತಗಳಿಗೆ ಟಿಪ್ಪಣಿ ಬರೆಯುವ ನಮಗೆ ಈ ಪುಟ್ಟ ಭಾಗಾಕಾರ ಹಿತವೆನಿಸಿತು. ದೂರ ಅಳೆಯಬೇಕಾದರೆ ಎದುರಿಗಿರುವವರನ್ನು ನಿಜವಾಗಿ ನೋಡಬೇಕಾಗುತ್ತದೆ.

ಈ ದೀಪಾವಳಿಗೆ ಮತ್ತೆ ಧಾರವಾಡಕ್ಕೆ ಹೊರಟಿದ್ದೇವೆ. ದೊಡ್ಡಮ್ಮ ಈಗ ನಡುಮನೆಯ ಮಂಚ ಬಿಟ್ಟು ಹೆಚ್ಚು ಏಳುವುದಿಲ್ಲವಂತೆ. ಮಂಚದಿಂದ ಬಾಗಿಲಿಗೆ ಮೂರು ಮೀಟರಿಗಿಂತ ತುಸು ಹೆಚ್ಚು. ಸನ್ನೆಕೋಲನ್ನು ‘ಎಕ್ಸ್’ಗೆ ಸರಿಸಿ, ಅದರ ಮೇಲೆ ಅಂಟುಪಟ್ಟಿ ಹಚ್ಚಿದ್ದೇವೆ.