ನಮ್ಮ ಹೆಣ್ಣುಮಕ್ಕಳೂ ಸರ್ಕಾರದ ಪ್ರಯೋಗಶಾಲೆಗಳೂ

ಶಾಲೆಯ ಸ್ಮರಣ ಸಂಚಿಕೆಯೆಂದರೆ ಸಾಮಾನ್ಯವಾಗಿ ಕಳೆದ ದಿನಗಳ ಸ್ತುತಿಗೆ ಮೀಸಲಾದ ಪುಸ್ತಕವು. ಅಕ್ಷರ ಕಲಿಸಿದ ಉಪಾಧ್ಯಾಯಿನಿಯರನ್ನೂ, ಪ್ರಾರ್ಥನೆಯ ಗಂಟೆಯನ್ನೂ, ಹೊಲಿಗೆಯ ತರಗತಿಯನ್ನೂ, ಅಂಗಳದ ಮರದ ನೆರಳನ್ನೂ ನೆನೆದು ಕೃತಜ್ಞತೆಯಿಂದ ನಾಲ್ಕು ಮಾತು ಬರೆಯುವುದು ಹಳೆಯ ವಿದ್ಯಾರ್ಥಿನಿಯರ ಧರ್ಮವೇ ಸರಿ. ಆ ಧರ್ಮವನ್ನು ಇತರರು ಈ ಸಂಚಿಕೆಯಲ್ಲಿ ನನಗಿಂತ ಚೆನ್ನಾಗಿ ನೆರವೇರಿಸುವರೆಂಬ ಧೈರ್ಯದಿಂದ, ಮುಂದಿನ ದಿನಗಳಿಗೆ ಸಂಬಂಧಪಟ್ಟ ಒಂದು ವಿಷಯವನ್ನು ತಾಯಿತಂದೆಗಳ ಮುಂದೆಯೂ ನನ್ನ ಸಹಪಾಠಿ ಸೋದರಿಯರ ಮುಂದೆಯೂ ಇಡಲು ಅಪ್ಪಣೆ ಬೇಡುತ್ತೇನೆ. ಮಾತು ಕೆಲವರಿಗೆ ಕಹಿಯೆನಿಸಿದರೆ ಮನ್ನಿಸಬೇಕು.

ವಿಷಯವಿದು: ನಮ್ಮ ಸೀಮೆಯಲ್ಲಿಯೇ, ನಮ್ಮ ಕಣ್ಣೆದುರಿಗೇ, ಸರ್ಕಾರದ ಹಣದಿಂದ ದೊಡ್ಡ ವಿಜ್ಞಾನ ಪ್ರಯೋಗಶಾಲೆಗಳು ನಡೆಯುತ್ತಿರುವಾಗ, ನಮ್ಮ ಹೆಣ್ಣುಮಕ್ಕಳು ಅವುಗಳ ಕಾಂಪೌಂಡಿನ ಗೋಡೆಯನ್ನು ಮಾತ್ರ ನೋಡಿ ಮನೆಗೆ ಹಿಂದಿರುಗುತ್ತಿದ್ದಾರೆ. ಇದು ತಪ್ಪು. ಈ ತಪ್ಪಿನಲ್ಲಿ ಮನೆಯ ಪಾಲೂ ಇದೆ, ಶಾಲೆಯ ಪಾಲೂ ಇದೆ, ಪ್ರಯೋಗಶಾಲೆಗಳ ಪಾಲೂ ಇದೆ.

ಹೊಸಕೋಟೆಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ಮಕ್ಕಳು ಎಷ್ಟೋ ಮಂದಿ. ಆ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಎಂಬ ಖಭೌತ ಸಂಸ್ಥೆಯವರ ಆವರಣವೊಂದುಂಟು. ಅದನ್ನು ಕ್ರೆಸ್ಟ್ ಎಂದು ಕರೆಯುತ್ತಾರೆ. ಲಡಾಖಿನ ಹಾನ್ಲೆ ಎಂಬಲ್ಲಿ, ಸುಮಾರು ೪,೫೦೦ ಮೀಟರ್ ಎತ್ತರದ ಸರಸ್ವತಿ ಪರ್ವತದ ಮೇಲೆ, ಎರಡು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವೊಂದನ್ನು ನಿಲ್ಲಿಸಿ ಅದಕ್ಕೆ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಉಸಿರಾಡುವುದೇ ಕಷ್ಟ. ಚಳಿಗಾಲದ ಶೈತ್ಯವನ್ನು ಹೇಳಲಾಗದು. ಆದಕಾರಣ ೨೦೦೧ನೆಯ ಇಸವಿಯಿಂದ ಆ ಯಂತ್ರವನ್ನು ಕೃತಕ ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುವ ಏರ್ಪಾಡಾಗಿದೆ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದಲ್ಲಿರುವ ಕನ್ನಡಿಯನ್ನು ಇಲ್ಲಿ ಕುರ್ಚಿಯ ಮೇಲೆ ಕುಳಿತವರು ಬೇಕಾದ ನಕ್ಷತ್ರದ ಕಡೆಗೆ ತಿರುಗಿಸುತ್ತಾರೆ. ರಾಗಿ ಹೊಲಗಳ ನಡುವೆ ಕುಳಿತು ಹಿಮಾಲಯದ ಆಕಾಶವನ್ನು ನೋಡುವುದು ಇಲ್ಲಿಯವರ ನಿತ್ಯದ ಉದ್ಯೋಗವು!

ಇದೇ ಆವರಣದಲ್ಲಿ ಎಂ. ಜಿ. ಕೆ. ಮೆನನ್ ಅವರ ಹೆಸರಿನ ಮತ್ತೊಂದು ಪ್ರಯೋಗಶಾಲೆ ಇದೆ. ೨೦೧೫ನೆಯ ಸೆಪ್ಟೆಂಬರ್ ೨೮ರಂದು ಆಕಾಶಕ್ಕೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವು ಜೋಡಣೆಯಾದುದು ಇಲ್ಲಿಯೇ. ತರುವಾಯ ಸೂರ್ಯನನ್ನು ನೋಡಲು ಹೊರಟ ಆದಿತ್ಯ-ಎಲ್೧ ನೌಕೆಯ ಮುಖ್ಯ ಯಂತ್ರವು ಸಿದ್ಧವಾದುದೂ ಇಲ್ಲಿಯೇ. ಆ ಯಂತ್ರದ ಕೆಲಸವನ್ನು ಸ್ವಲ್ಪ ವಿವರಿಸುವೆನು. ಪೂರ್ಣಗ್ರಹಣದ ಕೆಲವು ನಿಮಿಷಗಳಲ್ಲಿ ಸೂರ್ಯಬಿಂಬದ ಸುತ್ತಲೂ ಮುತ್ತಿನ ಬಣ್ಣದ ಪ್ರಭಾವಲಯವೊಂದು ಕಾಣುವುದಷ್ಟೆ. ಸೂರ್ಯನ ಮೈ ಸುಮಾರು ಆರು ಸಾವಿರ ಡಿಗ್ರಿ ಬಿಸಿಯಾಗಿದ್ದರೆ, ಅದಕ್ಕಿಂತ ಹೊರಗಿರುವ ಈ ವಲಯವು ಹತ್ತು ಲಕ್ಷ ಡಿಗ್ರಿಗೂ ಮೀರಿ ಬಿಸಿಯಾಗಿದೆ. ಒಲೆಯಿಂದ ದೂರ ಸರಿದಂತೆಲ್ಲ ಶಾಖವು ಹೆಚ್ಚುವುದೇಕೆಂಬುದು ವಿದ್ವಾಂಸರನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. ಈ ವಲಯದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಯಂತ್ರದ ಒಳಗೇ ಬಿಂಬದ ಬೆಳಕನ್ನು ಬೇರ್ಪಡಿಸಿ ಹೊರಹಾಕಿ, ಉಳಿದ ಮಂದಪ್ರಭೆಯನ್ನು ಹಿಡಿಯಬೇಕು. ಕನ್ನಡಿಯ ಮೇಲೆ ಒಂದು ಕಣ ಧೂಳು ಕುಳಿತರೂ ಬಿಂಬದ ಬೆಳಕು ಅದಕ್ಕೆ ತಾಗಿ ಚೆದರಿ, ನೋಡಬೇಕಾದುದನ್ನೆಲ್ಲ ಮುಳುಗಿಸಿಬಿಡುವುದು. ಅದಕ್ಕಾಗಿ ಧೂಳನ್ನು ಸೋಸಿದ ಗಾಳಿಯ ಕೊಠಡಿಗಳಲ್ಲಿ, ತಲೆಯಿಂದ ಪಾದದವರೆಗೆ ಮುಸುಕು ಧರಿಸಿದವರು ತಿಂಗಳುಗಟ್ಟಲೆ ದುಡಿದು ಈ ಯಂತ್ರವನ್ನು ಜೋಡಿಸಿದರು. ಸುಮಾರು ೧೯೦ ಕಿಲೋಗ್ರಾಂ ತೂಕದ ಇದು ೨೦೨೩ನೆಯ ಜನವರಿಯಲ್ಲಿ ಇಸ್ರೋ ಸಂಸ್ಥೆಯ ಕೈಸೇರಿತು. ಆ ವರ್ಷದ ಸೆಪ್ಟೆಂಬರ್ ೨ರಂದು ಆಕಾಶಕ್ಕೆ ಹೊರಟು, ೨೦೨೪ನೆಯ ಜನವರಿ ೬ರಂದು ಭೂಮಿಯಿಂದ ಸುಮಾರು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಮುಟ್ಟಿತು.

ಇಷ್ಟು ವಿಸ್ತಾರವಾಗಿ ಏಕೆ ಬರೆದೆನೆಂದರೆ, ಈ ಕೆಲಸಕ್ಕೆ ಬೇಕಾದ ಗುಣಗಳು ಯಾವುವು ಎಂಬುದನ್ನು ತಾಯಂದಿರು ಗಮನಿಸಲೆಂದು. ಶುಚಿ, ತಾಳ್ಮೆ, ನಡುಗದ ಬೆರಳು, ಲೆಕ್ಕ ತಪ್ಪದ ಮನಸ್ಸು, ಮಾಡಿದ್ದನ್ನು ಹತ್ತು ಸಲ ಬಿಚ್ಚಿ ಮತ್ತೆ ಮಾಡುವ ಸೈರಣೆ. ನಮ್ಮ ಹೊಲಿಗೆಯ ತರಗತಿಯಲ್ಲಿ ಉಪಾಧ್ಯಾಯಿನಿಯರು ನಮ್ಮಲ್ಲಿ ಬೆಳೆಸಲು ಶ್ರಮಿಸಿದ ಗುಣಗಳು ಇವೇ ಅಲ್ಲವೇ? ಒಂದು ಎಳೆ ತಪ್ಪಿದರೆ ಇಡೀ ಸಾಲನ್ನು ಬಿಚ್ಚಿಸಿದ ಆ ಕಟ್ಟುನಿಟ್ಟು ಪ್ರಯೋಗಶಾಲೆಗೆ ಹೊರಗಿನದಲ್ಲ.

ಇನ್ನು ಪಶ್ಚಿಮಕ್ಕೆ ನೋಡೋಣ. ನೆಲಮಂಗಲಕ್ಕೆ ಸಮೀಪವಾದ ದಾಸನಪುರ ಹೋಬಳಿಯ ಶಿವನಪುರದಲ್ಲಿ ಸೆನ್ಸ್ ಎಂಬ ಸರ್ಕಾರಿ ಸಂಸ್ಥೆಯಿದೆ. ನ್ಯಾನೋ ಮತ್ತು ಮೃದುದ್ರವ್ಯಗಳ ಶೋಧನೆ ಇದರ ಕೆಲಸ. ಇದನ್ನು ೧೯೯೧ರಲ್ಲಿ ದ್ರವಸ್ಫಟಿಕಗಳ ಅಧ್ಯಯನಕ್ಕಾಗಿ ಸ್ಥಾಪಿಸಿದವರು ಎಸ್. ಚಂದ್ರಶೇಖರ್ ಅವರು. ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ೧೯೭೭ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿ ತಮ್ಮ ಸಂಗಡಿಗರೊಡನೆ ಲೋಕಕ್ಕೆ ತೋರಿಸಿಕೊಟ್ಟವರು ಇವರೇ. ೨೦೨೦ರ ಮಹಾವ್ಯಾಧಿಯ ಕಾಲದಲ್ಲಿ ಈ ಸೆನ್ಸ್ ಸಂಸ್ಥೆಯವರು ಮೂರು ಪದರಗಳ ಮುಖವಸ್ತ್ರವೊಂದರ ವಿಧಾನವನ್ನು ಪ್ರಕಟಿಸಿದರು. ಎರಡು ಪಾಲಿಪ್ರೊಪಿಲೀನ್ ಪದರಗಳ ನಡುವೆ ನೈಲಾನ್ ಬಟ್ಟೆಯನ್ನಿಟ್ಟರೆ, ಅವು ಒಂದಕ್ಕೊಂದು ಉಜ್ಜಿ ವಿದ್ಯುದಂಶವನ್ನು ಹೊಂದಿ, ರೋಗಕಣಗಳನ್ನು ತಡೆಯುವುದಕ್ಕೆ ಸಹಾಯವಾಗುವುದು. ಹೊರಗಿನ ಪದರಕ್ಕೆ ಅಂಗಡಿಯ ಸಾಮಾನು ಚೀಲದ ಬಟ್ಟೆಯೂ, ನೈಲಾನಿಗೆ ಬದಲು ಹಳೆಯ ರೇಷ್ಮೆ ಸೀರೆಯ ತುಂಡೂ ಆಗಬಹುದೆಂದು ಅವರು ತಿಳಿಸಿದರು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲಿ ಬೆಳೆದ ಹುಡುಗಿಗೆ ಈ ಪಾಠವು ಹೊಸದಾಗಿ ತೋರಲಾರದು. ರೇಷ್ಮೆ ಬಟ್ಟೆಯಿಂದ ಗಾಜಿನ ಕಡ್ಡಿಯನ್ನು ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಪ್ರಯೋಗವು ನಮ್ಮ ಶಾಲೆಯ ಪುಸ್ತಕದಲ್ಲಿಯೂ ಇತ್ತು. ಪುಸ್ತಕದಲ್ಲಿತ್ತೇ ಹೊರತು ನಮ್ಮ ಕೈಗೆ ಬರಲಿಲ್ಲ. ಗಾಜಿನ ಸಾಮಾನು ಒಡೆದೀತೆಂದು ಬೀರುವಿಗೆ ಬೀಗ ಹಾಕಿತ್ತು. ಪರೀಕ್ಷಾಧಿಕಾರಿಗಳು ಬರುವ ದಿನ ಮಾತ್ರ ಅದು ತೆರೆಯುತ್ತಿತ್ತು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಆ ಬೀರುವಿನ ಬೀಗವು ಎಷ್ಟೋ ಶಾಲೆಗಳಲ್ಲಿ ಇಂದಿಗೂ ತೆರೆದಿಲ್ಲವೆಂಬ ವ್ಯಥೆಯಿಂದ ಹೇಳುತ್ತಿದ್ದೇನೆ.

"ಹೆಂಗಸರಿಗೆ ಇದೆಲ್ಲ ಸಾಧ್ಯವೇ?" ಎಂದು ಕೇಳುವವರಿಗೆ ಉತ್ತರ ಕೊಡುವುದು ಸುಲಭ. ತಿರುವಾಂಕೂರಿನ ಪೀರ್ಮೇಡಿನಲ್ಲಿ, ಸಿರಿಯನ್ ಕ್ರೈಸ್ತ ಮನೆತನವೊಂದರಲ್ಲಿ ೧೯೧೮ರಲ್ಲಿ ಹುಟ್ಟಿದ ಅನ್ನಾ ಮಾಣಿಯವರು, ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಬಂದಾಗ ಅದನ್ನು ಒಲ್ಲದೆ ವಿಶ್ವಕೋಶವನ್ನು ಬೇಡಿ ಪಡೆದರಂತೆ. ಮುಂದೆ ೧೯೪೦ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯನ್ನು ಸೇರಿದಾಗ ಆಕೆಯ ಪಾಲಿಗೆ ಬಂದುದು ವಜ್ರಗಳೇ! ಮೂವತ್ತಕ್ಕೂ ಹೆಚ್ಚು ವಜ್ರಗಳ ಬೆಳಕನ್ನು ರಾತ್ರಿಯೆಲ್ಲ ಕುಳಿತು ಫಲಕಗಳ ಮೇಲೆ ಹಿಡಿದು ಪರಿಶೋಧಿಸಿದರು. ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯವು ಆಕೆಯ ಪ್ರಬಂಧಕ್ಕೆ ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಆಕೆ ಅದರಿಂದ ಕುಗ್ಗದೆ ೧೯೪೫ರಲ್ಲಿ ವಿಲಾಯತಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು, ೧೯೪೮ರಲ್ಲಿ ಸರ್ಕಾರದ ಹವಾಮಾನ ಇಲಾಖೆಯನ್ನು ಸೇರಿ, ನಮ್ಮ ದೇಶವು ಮಳೆಗಾಳಿಗಳನ್ನು ಅಳೆಯುವ ಯಂತ್ರಗಳಿಗಾಗಿ ಪರದೇಶದ ಬಾಗಿಲು ಕಾಯದಂತೆ ಮಾಡಿದರು. ಸುಮಾರು ನೂರು ಉಪಕರಣಗಳ ನಕ್ಷೆಗಳು ಆಕೆಯ ಮೇಲ್ವಿಚಾರಣೆಯಲ್ಲಿ ಸಿದ್ಧವಾದವು.

ನಮ್ಮ ಕನ್ನಡನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ೧೯೨೨ರಲ್ಲಿ ಜನಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕೆಗೆ ಹೋಗಿ, ೧೯೫೩ರಲ್ಲಿ ಹಿಂದಿರುಗಿ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಸೂಕ್ಷ್ಮತರಂಗಗಳನ್ನು ಕುರಿತು ಬೋಧಿಸಿದರು. ಹೊಸಕೋಟೆಯ ಸೂರ್ಯಯಂತ್ರವು ಇಸ್ರೋವಿನ ಕೈಸೇರಿದಾಗ ಖಭೌತ ಸಂಸ್ಥೆಯ ನಿರ್ದೇಶಕರಾಗಿದ್ದವರು ಅನ್ನಪೂರ್ಣಿ ಸುಬ್ರಮಣಿಯಂ ಎಂಬ ಮಹಿಳೆ. ಆದಿತ್ಯ ಯೋಜನೆಯನ್ನು ನಡೆಸಿದವರು ನಿಗಾರ್ ಶಾಜಿ ಎಂಬ ಮಹಿಳೆ. ಈ ಶಾಜಿಯವರು ತಮಿಳುನಾಡಿನ ಸೆಂಗೋಟೆಯ ರೈತನ ಮಗಳು. ಹುಡುಗಿಯರ ಸರ್ಕಾರಿ ಶಾಲೆಯಲ್ಲಿ ಓದಿದವರು. ಹೀಗಿರುವಾಗ ಸಾಧ್ಯವೇ ಎಂಬ ಪ್ರಶ್ನೆಗೆ ಎಡೆಯಿಲ್ಲ. ನಮ್ಮ ಮನೆಗಳಿಂದ ಏಕೆ ಆಗುತ್ತಿಲ್ಲವೆಂಬುದೇ ಪ್ರಶ್ನೆ.

ತಾಯಿತಂದೆಗಳು ಹೇಳುವ ಕಾರಣಗಳನ್ನು ನಾನು ಹಗುರವಾಗಿ ಕಾಣುವವಳಲ್ಲ. ಮೊದಲನೆಯದು ಹಣ. ಆದರೆ ಸ್ನಾತಕೋತ್ತರ ಓದು ಮುಗಿಸಿ, ಪರೀಕ್ಷೆಯಲ್ಲಿ ಗೆದ್ದು ಇಂತಹ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದವರಿಗೆ ಸರ್ಕಾರವೇ ತಿಂಗಳು ತಿಂಗಳು ವೇತನ ಕೊಡುವುದೆಂಬುದು ಎಷ್ಟು ಮಂದಿಗೆ ಗೊತ್ತು? ಎರಡನೆಯದು ಮದುವೆ. ಮಗಳಿಗಾಗಿ ಚಿನ್ನವನ್ನು ಕೂಡಿಸುವ ತಂದೆಯು ಆ ಚಿನ್ನದ ಒಂದು ಭಾಗವನ್ನು ಅವಳ ಓದಿಗೆ ತೆಗೆದಿಟ್ಟರೆ, ಅದನ್ನು ಕಳ್ಳನು ಕದಿಯಲಾರನು, ಗಂಡನ ಮನೆಯವರು ಅಡವಿಡಲಾರರು. ಮೂರನೆಯದು ಇಂಗ್ಲಿಷಿನ ಭಯ. ಇದು ನಿಜವಾದ ಕಷ್ಟವೇ. ಕನ್ನಡದಲ್ಲಿ ಓದಿ ಗಣಿತದಲ್ಲಿ ಜಾಣೆಯಾಗಿದ್ದ ಹುಡುಗಿಯು ಕಾಲೇಜಿನ ಮೊದಲ ವರ್ಷದಲ್ಲಿ ಭಾಷೆಯ ದೆಸೆಯಿಂದ ಸೋತು ವಿಜ್ಞಾನವನ್ನೇ ಬಿಟ್ಟುಬಿಡುತ್ತಾಳೆ. ಇದಕ್ಕೆ ಔಷಧವು ಶಾಲೆಯಲ್ಲಿಯೇ ಆಗಬೇಕು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಭೌತಶಾಸ್ತ್ರ ಓದಿದ ಹುಡುಗಿಯರಿಗೆಲ್ಲ ಇಂತಹ ಸಂಸ್ಥೆಗಳಲ್ಲಿ ಸ್ಥಾನ ಸಿಕ್ಕುವುದಿಲ್ಲ. ಸ್ಥಾನಗಳು ಕೆಲವೇ, ಬಯಸುವವರು ಬಹುಮಂದಿ. ಆದರೆ ಪ್ರಯೋಗಶಾಲೆಯೆಂದರೆ ವಿಜ್ಞಾನಿಗಳು ಮಾತ್ರವಲ್ಲ. ಯಂತ್ರ ತಿದ್ದುವವರು, ತಂತಿ ಬೆಸೆಯುವವರು, ಕನ್ನಡಿ ಉಜ್ಜುವವರು, ಗಣಕ ನೋಡಿಕೊಳ್ಳುವವರು ಇಲ್ಲದೆ ಅದು ಒಂದು ದಿನವೂ ನಡೆಯದು. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಪಡೆದ ಹುಡುಗಿಗೂ ಅಲ್ಲಿ ಗೌರವದ ಕೆಲಸವುಂಟು. ಯಾವ ಕೆಲಸವೂ ದೊರೆಯದೆ ಮನೆಯಲ್ಲಿ ನಿಂತ ಹುಡುಗಿಯೂ ಗ್ರಹಣದ ದಿನ ತನ್ನ ಮಕ್ಕಳನ್ನು ಕತ್ತಲೆಕೋಣೆಯಲ್ಲಿ ಕೂಡಿಹಾಕದೆ, ಕಾಗದದ ರಂಧ್ರದಿಂದ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ತೋರಿಸುವಳು. ಅದೇನು ಅಲ್ಪ ಲಾಭವೇ?

ಆದುದರಿಂದ ನನ್ನ ಬಿನ್ನಹಗಳು ಇಷ್ಟು. ಶಾಲೆಯವರು ಬೀರುವಿನ ಬೀಗವನ್ನು ತೆಗೆಯಲಿ. ಗಾಜು ಒಡೆದರೆ ಒಡೆಯಲಿ. ಆ ನಷ್ಟವನ್ನು ತುಂಬಲು ಹಳೆಯ ವಿದ್ಯಾರ್ಥಿನಿಯರಾದ ನಾವು ವರ್ಷಕ್ಕೊಮ್ಮೆ ಕೂಡಿ ಹಣ ಕೊಡೋಣ. ಹಾಡಿಗೂ ಕಸೂತಿಗೂ ಬಹುಮಾನವಿರುವಂತೆ, ತಾನೇ ಮಾಡಿದ ಉಪಕರಣಕ್ಕೂ ಬಹುಮಾನವಿರಲಿ. ಮೇಲಿನ ತರಗತಿಗಳಲ್ಲಿ ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ಚೆನ್ನಾಗಿ ತಿಳಿಸಿ, ಅದರ ಇಂಗ್ಲಿಷ್ ಶಬ್ದಗಳನ್ನೂ ಜೊತೆಜೊತೆಗೆ ರೂಢಿ ಮಾಡಿಸಲಿ. ಪ್ರಯೋಗಶಾಲೆಗಳನ್ನು ನಡೆಸುವ ಮಹನೀಯರು ತಾವು ಮಾಡುವ ಕೆಲಸವೇನೆಂದು ನೆರೆಯ ಹಳ್ಳಿಗಳ ಮಕ್ಕಳಿಗೆ ಅವರ ನುಡಿಯಲ್ಲಿಯೇ ಹೇಳುವುದು ತಮ್ಮ ಕರ್ತವ್ಯದ ಭಾಗವೆಂದು ತಿಳಿಯಲಿ. ಹಣವು ಪ್ರಜೆಗಳದು, ನೆಲವು ಈ ಸೀಮೆಯದು. ಇನ್ನು ತಾಯಿತಂದೆಗಳು, ಮಗಳು "ಅದು ಹೇಗೆ, ಇದು ಏಕೆ" ಎಂದು ಕೇಳಿದಾಗ "ನಿನಗೇಕೆ ಇದೆಲ್ಲ" ಎಂದು ಗದರಿಸದಿರಲಿ. ಇಷ್ಟಕ್ಕೆ ಕಾಸೂ ಬೇಕಿಲ್ಲ.

ಯಜಮಾನನು ಕೊಟ್ಟ ತಲಾಂತನ್ನು ಕಳೆದುಹೋದೀತೆಂಬ ಹೆದರಿಕೆಯಿಂದ ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಾವೆಲ್ಲರೂ ಈ ಶಾಲೆಯಲ್ಲಿಯೇ ಕೇಳಿದ್ದೇವೆ. ಆ ಆಳು ಕಳ್ಳನಲ್ಲ, ದುಂದುಗಾರನಲ್ಲ, ಬರಿಯ ಅಂಜುಬುರುಕನು. ಆದರೂ ಅವನು ಮೆಚ್ಚುಗೆಯನ್ನು ಪಡೆಯಲಿಲ್ಲ. ನಮ್ಮ ಹೆಣ್ಣುಮಕ್ಕಳ ಬುದ್ಧಿಯನ್ನು ನಾವು ಹೂತಿಡುತ್ತಿರುವುದೂ ಕೆಟ್ಟತನದಿಂದಲ್ಲ, ಅಂಜಿಕೆಯಿಂದ. ಲೆಕ್ಕ ಕೇಳುವ ದಿನ ಅಂಜಿದೆವೆಂಬ ಉತ್ತರವು ಸಾಲದು. ಮುಂದಿನ ಸಲ ಶಿಡ್ಲಘಟ್ಟದ ರಸ್ತೆಯಲ್ಲಿ ಬಸ್ಸು ಆ ಗೋಡೆಯ ಪಕ್ಕದಲ್ಲಿ ಹಾದುಹೋಗುವಾಗ, ಪಕ್ಕದಲ್ಲಿ ಕುಳಿತ ಮಗಳಿಗೆ ಅದರೊಳಗೆ ಏನು ನಡೆಯುವುದೆಂದು ಹೇಳಿರಿ. ಉಳಿದುದನ್ನು ಅವಳೇ ಕೇಳುವಳು.