ಹೊಸ ತರಬೇತುದಾರನ ಪತ್ತು

ಆಟದ ತಂಡವೊಂದಕ್ಕೆ ಹೊಸ ಮುಖ್ಯ ತರಬೇತುದಾರನ ನೇಮಕವಾದಾಗ ಅಭಿಮಾನಿಗಳಲ್ಲಿ ಉಕ್ಕುವ ಉತ್ಸಾಹ ವಿಚಿತ್ರವಾದುದು. ಆತ ಇನ್ನೂ ಒಂದು ಪಂದ್ಯವನ್ನೂ ಆಡಿಸಿರುವುದಿಲ್ಲ. ಆಟಗಾರರ ಪರಿಚಯವೂ ಅವನಿಗೆ ಸರಿಯಾಗಿ ಆಗಿರುವುದಿಲ್ಲ. ಆದರೂ ಹಿಂದಿನ ವರ್ಷದ ಸೋಲುಗಳೆಲ್ಲ ತೊಳೆದುಹೋದವೆಂಬ ಭಾವನೆ ಎಲ್ಲರಲ್ಲೂ ಮೂಡುತ್ತದೆ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ 2007ರ ಜನವರಿಯಲ್ಲಿ ನಿಕ್ ಸೇಬನ್ ಮುಖ್ಯ ತರಬೇತುದಾರರಾಗಿ ಬಂದರು. ಏಪ್ರಿಲ್‌ನಲ್ಲಿ ಅವರ ಹುಡುಗರು ತಮ್ಮತಮ್ಮಲ್ಲೇ ಆಡಿದ ಅಭ್ಯಾಸ ಪಂದ್ಯವನ್ನು ನೋಡಲು 92 ಸಾವಿರ ಜನ ಸೇರಿದ್ದರು. ಎದುರಾಳಿಯೇ ಇಲ್ಲದ ಆಟಕ್ಕೆ ಅಷ್ಟು ಜನ!

ಈ ನಂಬಿಕೆಗೆ ಆಧಾರವೇನು? ಅದನ್ನು ಎಷ್ಟು ಕೊಡಬೇಕು, ಎಷ್ಟು ಕಾಲ ಕೊಡಬೇಕು, ಯಾವಾಗ ಹಿಂದಕ್ಕೆ ಪಡೆಯಬೇಕು? ಪ್ರಶ್ನೆ ಆಟಕ್ಕೆ ಸೀಮಿತವಾದುದಲ್ಲ. ಹೊಸ ಜಿಲ್ಲಾಧಿಕಾರಿ, ಹೊಸ ಕುಲಪತಿ, ಹೊಸ ಮುಖ್ಯೋಪಾಧ್ಯಾಯ, ಯಾರೇ ಬಂದರೂ ಜನ ಎದುರಿಸುವ ಪ್ರಶ್ನೆ ಇದೇ. ಗದಗ ಸೀಮೆಯ ಜನರಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಬಳಕೆಯ ಮಾತಿನಲ್ಲಿ ‘ಪತ್ತು’ ಎಂಬ ಪದವಿದೆ. ಒಬ್ಬನ ಮಾತಿನ ಮೇಲೆ ಪೇಟೆ ಇಡುವ ವಿಶ್ವಾಸವೂ ಅದೇ, ಆ ವಿಶ್ವಾಸದ ಮೇಲೆ ದೊರೆಯುವ ಸಾಲವೂ ಅದೇ. ಹೊಸ ತರಬೇತುದಾರನಿಗೆ ಅಭಿಮಾನಿಗಳು ಕೊಡುವುದು ಕೂಡ ಒಂದು ಸಾಲ. ಸಾಲವೆಂದ ಮೇಲೆ ಅದಕ್ಕೊಂದು ಅವಧಿ ಇರಬೇಕು, ಲೆಕ್ಕವೂ ಇರಬೇಕು.

ಅಲಬಾಮಾದ ಕಥೆಯನ್ನೇ ಮುಂದುವರಿಸಿದರೆ, ಸೇಬನ್ ಅವರ ಮೊದಲ ವರ್ಷ ನಿರಾಶಾದಾಯಕವಾಗಿತ್ತು. 13 ಪಂದ್ಯಗಳಲ್ಲಿ ತಂಡ 7ನ್ನು ಗೆದ್ದು 6ನ್ನು ಸೋತಿತು. ಹೆಸರಿಲ್ಲದ ಲೂಸಿಯಾನಾ-ಮನ್ರೋ ತಂಡದೆದುರು ತವರಿನಲ್ಲೇ ಮುಗ್ಗರಿಸಿತು. ಆದರೂ ಅವರನ್ನು ಉಳಿಸಿಕೊಳ್ಳಲಾಯಿತು. 2009ರಿಂದ 2020ರವರೆಗೆ ಅದೇ ತಂಡ 6 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2024ರ ಜನವರಿಯಲ್ಲಿ ಸೇಬನ್ ನಿವೃತ್ತರಾದರು. ಇದರ ಮಗ್ಗುಲಿಗೇ ಇನ್ನೊಂದು ಕಥೆಯಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಅವರಿಗೆ ದೀರ್ಘಾವಧಿಯ ಕರಾರು ಬರೆದುಕೊಟ್ಟಿತ್ತು. 2023ರ ನವೆಂಬರಿನಲ್ಲಿ ಅವರನ್ನು ಕೈಬಿಟ್ಟಾಗ, ಒಪ್ಪಂದದಂತೆ 7.5 ಕೋಟಿ ಡಾಲರಿಗೂ ಮಿಗಿಲಾದ ಮೊತ್ತ ಕೊಡಬೇಕಾಯಿತು. ಅಲಬಾಮಾದಲ್ಲಿ ಫಲ ಕೊಟ್ಟ ತಾಳ್ಮೆಯೇ ಇಲ್ಲಿ ಹೊರೆಯಾಯಿತು. ಆದ್ದರಿಂದ ‘ತಾಳಿದವನು ಬಾಳಿಯಾನು’ ಎಂಬ ಮಾತೊಂದರಿಂದಲೇ ವಿಷಯ ಮುಗಿಯುವುದಿಲ್ಲ.

ನಮ್ಮಲ್ಲಿ ಕಾಲೇಜು ಫುಟ್‌ಬಾಲಿಗೆ ಅಂತಹ ಗದ್ದಲವಿಲ್ಲ. ಆದರೆ ಬೆಂಗಳೂರು ಎಫ್‌ಸಿ ಕ್ಲಬ್ಬಿನ ಚರಿತ್ರೆ ಇದೇ ಪಾಠವನ್ನು ಕನ್ನಡ ನೆಲದಲ್ಲಿ ಕಲಿಸುತ್ತದೆ. 2013ರಲ್ಲಿ ಹುಟ್ಟಿದ ಈ ಕ್ಲಬ್ ಆಶ್ಲೆ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಆಲ್ಬರ್ಟ್ ರೋಕಾ ಬಂದ ವರ್ಷವೇ, 2016ರಲ್ಲಿ, ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವದ್ರಾತ್ ಮುಖ್ಯ ತರಬೇತುದಾರರಾಗಿ 2018-19ರ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ತಂದರು. ಅದೇ ಕ್ವದ್ರಾತ್ 2021ರ ಜನವರಿಯಲ್ಲಿ, ಕೆಲವು ಸೋಲುಗಳ ಬಳಿಕ, ನಿರ್ಗಮಿಸಿದರು. ಸೈಮನ್ ಗ್ರೇಸನ್ 2022ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿ, 2023ರ ಮಾರ್ಚಿನಲ್ಲಿ ಲೀಗಿನ ಫೈನಲ್‌ಗೆ ತಂಡವನ್ನು ಒಯ್ದರು. ಅಲ್ಲಿ ಸೋತದ್ದು ಪೆನಾಲ್ಟಿ ಒದೆತಗಳಲ್ಲಿ. ಆ ವರ್ಷ ಕಳೆಯುವ ಮೊದಲೇ, ಡಿಸೆಂಬರಿನಲ್ಲಿ, ಅವರೂ ಹೊರಗೆ. ಅವರ ಸ್ಥಾನಕ್ಕೆ ಬಂದ ಜೆರಾರ್ಡ್ ಜರಗೋಜಾ ಅವರ ಅಡಿಯಲ್ಲಿ ಆ ಋತುವಿನಲ್ಲಿ ತಂಡ 10ನೇ ಸ್ಥಾನಕ್ಕೆ ಕುಸಿಯಿತು. ಮರುವರ್ಷ, 2025ರ ಏಪ್ರಿಲಿನಲ್ಲಿ, ಅವರದೇ ತರಬೇತಿಯಲ್ಲಿ ಮತ್ತೆ ಫೈನಲ್ ಆಡಿತು. ಕೇವಲ ಫಲಿತಾಂಶದ ಪಟ್ಟಿ ಹಿಡಿದು ಇವರಲ್ಲಿ ಯಾರು ಸಮರ್ಥರು, ಯಾರು ಅಸಮರ್ಥರು ಎಂದು ಹೇಳಬಲ್ಲವರು ಯಾರು?

ಇಲ್ಲಿ ಅರ್ಥಶಾಸ್ತ್ರದ, ನಿಜವಾಗಿ ಸಂಖ್ಯಾಶಾಸ್ತ್ರದ, ಒಂದು ಸರಳ ಸತ್ಯ ನೆರವಿಗೆ ಬರುತ್ತದೆ. ತರಬೇತುದಾರನನ್ನು ತೆಗೆಯುವುದು ಸಾಮಾನ್ಯವಾಗಿ ತಂಡ ತೀರ ಕೆಳಗಿಳಿದಾಗ. ಅಷ್ಟು ಕೆಳಗಿಳಿಯಲು ಕೌಶಲದ ಕೊರತೆಯೊಂದಿಗೆ ದುರದೃಷ್ಟವೂ ಸೇರಿರುತ್ತದೆ. ಪ್ರಮುಖ ಆಟಗಾರನ ಗಾಯ, ಗೋಲುಕಂಬಕ್ಕೆ ಬಡಿದು ಮರಳಿದ ಚೆಂಡು, ಒಂದು ತಪ್ಪು ತೀರ್ಪು. ದುರದೃಷ್ಟ ಎಂದೆಂದೂ ಬೆನ್ನಿಗಿರುವುದಿಲ್ಲವಾದ್ದರಿಂದ ಮುಂದಿನ ಪಂದ್ಯಗಳಲ್ಲಿ ತಂಡ ತನ್ನ ಸರಾಸರಿಯತ್ತ ತಾನಾಗಿಯೇ ಏರುತ್ತದೆ. ಆ ಏರಿಕೆಯ ಕೀರ್ತಿ ಹೊಸಬನಿಗೆ ಸಲ್ಲುತ್ತದೆ. ಮುಂಡರಗಿ, ಶಿರಹಟ್ಟಿಯ ಮಳೆಯಾಶ್ರಿತ ರೈತ ಬರಗಾಲದ ಮರುವರ್ಷ ಬೀಜದ ಅಂಗಡಿ ಬದಲಿಸಿ, ಬೆಳೆ ಬಂದಾಗ ಹೊಸ ಅಂಗಡಿಯನ್ನು ಹೊಗಳಿದಂತೆ ಇದು. ಬೆಳೆ ತಂದದ್ದು ಬಹುಪಾಲು ಮಳೆ. ನೆದರ್‌ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಫುಟ್‌ಬಾಲ್ ಕ್ಲಬ್ಬುಗಳ 1986ರಿಂದ 2004ರವರೆಗಿನ ದಾಖಲೆಗಳನ್ನು ಪರಿಶೀಲಿಸಿ ಇದನ್ನೇ ಕಂಡುಕೊಂಡರು. ಸೋಲಿನ ಸರಣಿಯ ನಂತರ ತರಬೇತುದಾರನನ್ನು ಬದಲಿಸಿದ ಕ್ಲಬ್ಬುಗಳು ಚೇತರಿಸಿಕೊಂಡವು ನಿಜ. ಆದರೆ ಅಂತಹದೇ ಸೋಲು ಕಂಡೂ ಬದಲಿಸದ ಕ್ಲಬ್ಬುಗಳಿಗಿಂತ ಅವುಗಳ ಚೇತರಿಕೆ ಮೇಲಾಗಿರಲಿಲ್ಲ.

ಹಾಗಾದರೆ ತರಬೇತುದಾರನಿಂದ ಏನೂ ಆಗುವುದಿಲ್ಲವೇ? ಖಂಡಿತ ಆಗುತ್ತದೆ. ಆದರೆ ಅದನ್ನು ಅಳೆಯುವ ಕೋಲು ಬೇರೆ. ಕರ್ನಾಟಕದ ಕ್ರಿಕೆಟ್ ಇದಕ್ಕೆ ಸಾಕ್ಷಿ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಕರ್ನಾಟಕ ಮುಂಬೈಗೆ ಸೋತದ್ದು ಬರೀ 6 ರನ್ನುಗಳಿಂದ. ಆ 6 ರನ್ ಬಂದಿದ್ದರೆ ಅಂದಿನ ತರಬೇತುದಾರ ಸನತ್ ಕುಮಾರ್ ಅವರ ಹೆಸರು ಮನೆಮಾತಾಗುತ್ತಿತ್ತು. ಬರಲಿಲ್ಲ, ಆದರೆ ಅವರ ತಿಳಿವಳಿಕೆ 6 ರನ್ನಿನಷ್ಟು ಕಡಿಮೆಯಾಗಲೂ ಇಲ್ಲ. ಇದೇ ಸನತ್ ಕುಮಾರ್ ಮುಂದೆ ಅಸ್ಸಾಂನಂತಹ ತಂಡವನ್ನು 2015-16ರಲ್ಲಿ ರಣಜಿ ಸೆಮಿಫೈನಲ್‌ವರೆಗೆ ಕೊಂಡೊಯ್ದರು. ಇತ್ತ ಕರ್ನಾಟಕ 1998-99ರ ನಂತರ 15 ವರ್ಷ ಕಾದು, ಜೆ. ಅರುಣ್‌ಕುಮಾರ್ ಅವರ ತರಬೇತಿಯಲ್ಲಿ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ, ಇರಾನಿ, ವಿಜಯ್ ಹಜಾರೆ ಟ್ರೋಫಿಗಳನ್ನು ಗೆದ್ದಿತು. ಆ ಗೆಲುವಿನ ಹಿಂದೆ ಜಿಲ್ಲಾ ಮಟ್ಟದ, ವಯೋಮಿತಿ ತಂಡಗಳ ವರ್ಷಾನುವರ್ಷಗಳ ದುಡಿಮೆಯೂ ಇತ್ತೆಂಬುದನ್ನು ಮರೆಯಲಾಗದು.

ಗದಗಿನವರೇ ಆದ ಸುನಿಲ್ ಜೋಶಿ ಅವರ ಉದಾಹರಣೆ ಇನ್ನೂ ಅರ್ಥಪೂರ್ಣ. ಬಾಲಕನಾಗಿದ್ದಾಗ ನಸುಕಿನಲ್ಲಿ ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಮರಳುತ್ತಿದ್ದವರು ಅವರು. 15 ಟೆಸ್ಟ್ ಹಾಗೂ 69 ಏಕದಿನ ಪಂದ್ಯಗಳನ್ನಾಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದುದನ್ನು ಕ್ರಿಕೆಟ್ ಬಲ್ಲವರು ಇಂದಿಗೂ ನೆನೆಯುತ್ತಾರೆ. ಮುಂದೆ ಅವರು ಜಮ್ಮು-ಕಾಶ್ಮೀರ ತಂಡದ ತರಬೇತುದಾರರಾದರು. 2014ರ ಸೆಪ್ಟೆಂಬರಿನ ಭೀಕರ ಪ್ರವಾಹ ಶ್ರೀನಗರವನ್ನು ಮುಳುಗಿಸಿ, ತಂಡದ ಸಿದ್ಧತೆಯನ್ನೇ ಕೆಡಿಸಿತ್ತು. ಅಂತಹ ತಂಡ ಡಿಸೆಂಬರಿನಲ್ಲಿ ವಾಂಖೆಡೆ ಕ್ರೀಡಾಂಗಣಕ್ಕೆ ಹೋಗಿ, 40 ಬಾರಿಯ ಚಾಂಪಿಯನ್ ಮುಂಬೈಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಆದರೆ ಆ ಋತುವಿನಲ್ಲಿ ಅದು ಕ್ವಾರ್ಟರ್‌ಫೈನಲ್ ತಲುಪಲಿಲ್ಲ. ಸೋತ ಮುಂಬೈ ತಲುಪಿತು. ಪಟ್ಟಿಯನ್ನಷ್ಟೇ ನೋಡುವವನಿಗೆ ಇದು ವಿಫಲ ವರ್ಷ. ಅಭ್ಯಾಸಕ್ಕೆ ಮೈದಾನವೂ ದುರ್ಲಭವಾಗಿದ್ದ ಹುಡುಗರು ತಾವು ಯಾರಿಗೂ ಕಡಿಮೆಯಲ್ಲವೆಂದು ಅರಿತ ವರ್ಷವೆಂದು ನೋಡುವವನಿಗೆ ಅದರ ಬೆಲೆ ಬೇರೆ.

ಅಂದಮೇಲೆ ಪತ್ತನ್ನು ಕೊಡುವ ಕ್ರಮ ಯಾವುದು? ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. 1904ರ ಕಾಯ್ದೆಯಡಿ ಗ್ರಾಮೀಣ ಸಂಘಗಳ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಸಂಘ ಮುಳುಗಿದರೆ ಪ್ರತಿ ಸದಸ್ಯನ ಆಸ್ತಿಗೂ ಕುತ್ತು. ಆದ್ದರಿಂದ ನಂಬಿಕೆ ಕುರುಡಾಗಿರಲು ಸಾಧ್ಯವೇ ಇರಲಿಲ್ಲ. ಸಾಲ ಕೇಳುವವನನ್ನು ಕೊಡುವವರು ಬಲ್ಲವರಾಗಿರಬೇಕಿತ್ತು. ಸಾಲ ಯಾವ ಕೆಲಸಕ್ಕೆಂದು ಹೇಳಬೇಕಿತ್ತು. ಅವಧಿ ಬೆಳೆಯ ಕಾಲಕ್ಕೆ ಹೊಂದಬೇಕಿತ್ತು. ಬಿತ್ತಿದ ಮರುದಿನವೇ ವಸೂಲಿಗೆ ಹೋಗುವಂತಿರಲಿಲ್ಲ. ಲೆಕ್ಕಪುಸ್ತಕ ಸದಸ್ಯರೆದುರು ತೆರೆದಿರಬೇಕಿತ್ತು.

ಈ ಕಟ್ಟುಪಾಡುಗಳನ್ನು ತರಬೇತುದಾರನಿಗೂ ಅನ್ವಯಿಸಬಹುದು. ಆತನ ಹಿಂದಿನ ಕೆಲಸವನ್ನು ಬಲ್ಲವರು ಆತನನ್ನು ಆರಿಸಲಿ. ಒಪ್ಪಿಸುವ ಕೆಲಸ ಯಾವುದೆಂಬುದು ಮೊದಲೇ ನಿಚ್ಚಳವಾಗಲಿ: ಈ ವರ್ಷವೇ ಪ್ರಶಸ್ತಿಯೋ, ಕಿರಿಯರ ತಂಡ ಕಟ್ಟುವುದೋ? ಅವಧಿ ಆ ಕೆಲಸಕ್ಕೆ ತಕ್ಕಂತಿರಲಿ. ನಡುವೆ ಕೇಳುವ ಲೆಕ್ಕ ಗೆಲುವು-ಸೋಲಿನದಷ್ಟೇ ಆಗದಿರಲಿ. ಎಷ್ಟು ಕಿರಿಯರು ಮೇಲಿನ ತಂಡಕ್ಕೆ ಏರಿದರು, ಎಷ್ಟು ಮಂದಿ ಗಾಯಗೊಂಡು ಕುಳಿತರು, ಹುಡುಗರು ಓದನ್ನು ಉಳಿಸಿಕೊಂಡರೇ ಎಂಬ ಲೆಕ್ಕವೂ ಇರಲಿ. ಈ ಲೆಕ್ಕ ತಪ್ಪಿದರೆ ಗೆಲ್ಲುತ್ತಿರುವ ತರಬೇತುದಾರನನ್ನೂ ಪ್ರಶ್ನಿಸಬೇಕು. ಲೆಕ್ಕ ಸರಿಯಿದ್ದರೆ ಸೋಲುತ್ತಿರುವವನನ್ನೂ ಉಳಿಸಿಕೊಳ್ಳಬೇಕು.

ಅಭಿಮಾನಿಗಳ ಪಾಲಿನ ಕರ್ತವ್ಯವೂ ಇದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹೇಳಿದ ಭಾರತದ ಕಥೆಯಲ್ಲಿ ಕೌರವ ಸೇನೆ 18 ದಿನಗಳಲ್ಲಿ ನಾಲ್ವರು ಸೇನಾಪತಿಗಳನ್ನು ಕಂಡಿತು. ಭೀಷ್ಮ, ದ್ರೋಣರು ಪಕ್ಷಪಾತಿಗಳೆಂಬ ದುರ್ಯೋಧನನ ಸಂಶಯ ಒಮ್ಮೆಯೂ ಹಿಂಗಲಿಲ್ಲ. ಅವನು ಪೂರ್ತಿಯಾಗಿ ನಂಬಿದ ಕರ್ಣನಿಗೋ ದೊರೆತದ್ದು ಶಲ್ಯ ಸಾರಥ್ಯ. ರಥ ನಡೆಸಬೇಕಾದವನೇ ತೇಜೋವಧೆಗೆ ನಿಂತ. ನೇಮಕದ ದಿನ ಹಾರ ಹಾಕಿ, ಮೂರನೆಯ ಸೋಲಿಗೆ ಪ್ರತಿಕೃತಿ ಸುಡುವ ಅಭಿಮಾನ ಶಲ್ಯನ ಜಾತಿಯದೇ. ಟೀಕೆ ಬೇಡವೆಂದಲ್ಲ. ಆದರೆ ಟೀಕೆಯ ಗುರಿ ತರಬೇತುದಾರನೊಬ್ಬನೇ ಆದಾಗ, ಅವನನ್ನು ಆರಿಸಿದ ಆಡಳಿತ ಮಂಡಳಿಗಳು ಆರಾಮವಾಗಿ ಉಸಿರಾಡುತ್ತವೆ. ತರಬೇತುದಾರರು ಬದಲಾಗುತ್ತಲೇ ಇರುತ್ತಾರೆ. ಮಂಡಳಿಯ ಪದಾಧಿಕಾರಿಗಳು ಕುರ್ಚಿಯಲ್ಲೇ ಇರುತ್ತಾರೆ. ಸರ್ಕಾರಿ ಕಚೇರಿಗಳಲ್ಲಿ ವರ್ಗಾವಣೆಯನ್ನೇ ಸುಧಾರಣೆಯೆಂದು ತೋರಿಸುವ ಹಳೆಯ ಉಪಾಯವೂ ಇದೇ.

ಇಷ್ಟರಲ್ಲೂ ಮಹಾನಗರದ ಅಭಿಮಾನಿಯ ನಷ್ಟ ಒಂದು ಸಂಜೆಯ ಬೇಸರ ಮಾತ್ರ. ನಿಜವಾದ ಪತ್ತನ್ನು ಕೊಡುವವರು ಬೇರೆಯೇ ಇದ್ದಾರೆ. ಲಕ್ಷ್ಮೇಶ್ವರದ ಯಾವುದೋ ಓಣಿಯಿಂದ, ಮುಂಡರಗಿಯ ಯಾವುದೋ ಹಳ್ಳಿಯಿಂದ, ತಮ್ಮ 12 ವರ್ಷದ ಮಗಳನ್ನೋ ಮಗನನ್ನೋ ಕ್ರೀಡಾ ವಸತಿ ನಿಲಯಕ್ಕೆ ಸೇರಿಸಿ ಬರುವ ತಂದೆ-ತಾಯಿಗಳು ಅವರು. ಕುಸ್ತಿ, ಸೈಕ್ಲಿಂಗ್, ಹಾಕಿ ಕ್ರೀಡೆಗಳಲ್ಲಿ ಗದಗ-ಬೆಟಗೇರಿಗೆ ಹೆಸರು ಬಂದಿರುವುದು ಇಂತಹ ಮನೆಗಳ ಮಕ್ಕಳಿಂದ. ಈ ತಂದೆ-ತಾಯಿಗಳು ಅಪರಿಚಿತ ತರಬೇತುದಾರನಿಗೆ ಒಪ್ಪಿಸುವುದು ಮಗುವಿನ ದೇಹವನ್ನು, ಓದನ್ನು, ಬಾಲ್ಯದ ಐದಾರು ವರ್ಷಗಳನ್ನು. ಹಳೆಯ ಕಾಯ್ದೆಯ ಭಾಷೆಯಲ್ಲಿ ಹೇಳುವುದಾದರೆ ಇದು ಅಪರಿಮಿತ ಹೊಣೆಯ ಸಾಲ.

ಇಷ್ಟೊಂದು ನಂಬಿಕೆಗೆ ಪ್ರತಿಯಾಗಿ ನಾವು ಕೊಡುತ್ತಿರುವುದೇನು? ರಾಜ್ಯದ ಹಲವೆಡೆ ತರಬೇತುದಾರರು ದುಡಿಯುತ್ತಿರುವುದು ಗುತ್ತಿಗೆಯ ಆಧಾರದ ಮೇಲೆ. ವರ್ಷ ತುಂಬುವ ಹೊತ್ತಿಗೆ ತಾನೇ ಉಳಿಯುವೆನೋ ಇಲ್ಲವೋ ತಿಳಿಯದವನು ಮಗುವಿಗೆ ಐದು ವರ್ಷದ ಯೋಜನೆ ಹಾಕುವುದು ಹೇಗೆ? ಕುಸ್ತಿಯ ಪಟ್ಟಾಗಲಿ, ಸೈಕಲ್ ಮೇಲಿನ ಭಂಗಿಯಾಗಲಿ ಒಬ್ಬ ಗುರುವಿನ ಕಣ್ಣಿನಡಿ ನಿಧಾನವಾಗಿ ಕೂಡಿಬರಬೇಕಾದ ವಿದ್ಯೆ. ಹೊಸಬ ಬಂದಾಗ ಹಿಂದಿನದನ್ನು ಅಳಿಸಿ ಮತ್ತೆ ಬರೆಯುತ್ತಾನೆ. ಬೆಂಗಳೂರಿನ ಕ್ಲಬ್ಬಿನಲ್ಲಿ ತರಬೇತುದಾರ ಬದಲಾದರೆ ಪತ್ರಿಕೆಗಳಲ್ಲಿ ದಪ್ಪ ಅಕ್ಷರದ ಸುದ್ದಿ. ಜಿಲ್ಲೆಯ ವಸತಿ ನಿಲಯದಲ್ಲಿ ವರ್ಷದ ನಡುವೆ ತರಬೇತುದಾರ ಹೋದರೆ ಪಾಲಕರಿಗೂ ತಿಳಿಯುವುದು ಮಗು ರಜೆಗೆ ಊರಿಗೆ ಬಂದಾಗ.

ನಂಬಿಕೆಯ ಜೊತೆಗೆ ಕಾವಲೂ ಬೇಕು. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಒಲಿಂಪಿಕ್ ಪದಕ ವಿಜೇತ ಕುಸ್ತಿಪಟುಗಳೇ ಬೀದಿಯಲ್ಲಿ ಧರಣಿ ಕೂರಬೇಕಾಯಿತು. ಅಂತಹವರ ದೂರಿಗೇ ಕಿವಿ ದೊರೆಯಲು ಅಷ್ಟು ಕಷ್ಟವಾದರೆ ಹಳ್ಳಿಯ ಹುಡುಗಿಯ ಗತಿಯೇನು?

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಮಾಡಬಹುದಾದ ಕೆಲಸಗಳು ದುಬಾರಿಯವೇನಲ್ಲ. ವಸತಿ ನಿಲಯದ ತರಬೇತುದಾರನಿಗೆ ಕನಿಷ್ಠ ನಾಲ್ಕು ವರ್ಷಗಳ ಅವಧಿ ನೀಡಲಿ. ನಡುವೆ ತೆಗೆಯಬೇಕಾದರೆ ಕಾರಣವನ್ನು ಬರಹದಲ್ಲಿ ದಾಖಲಿಸಲಿ. ವರ್ಷಕ್ಕೆರಡು ಬಾರಿ ಪಾಲಕರ ಸಭೆ ಕರೆದು ಪ್ರತಿ ಮಗುವಿನ ಪ್ರಗತಿ, ಆರೋಗ್ಯ, ಹಾಜರಿಗಳನ್ನು ಮುಂದಿಡಲಿ. ದೂರು ಕೇಳುವ ಸಮಿತಿಯಲ್ಲಿ ಇಲಾಖೆಯ ಹೊರಗಿನ ಮಹಿಳೆಯೊಬ್ಬರು ಇರಲಿ. ತರಬೇತುದಾರ ಬದಲಾದಾಗ ಹೋಗುವವನು ಬರುವವನಿಗೆ ಮಕ್ಕಳ ದಾಖಲೆಯನ್ನು ಒಪ್ಪಿಸುವುದು ಕಡ್ಡಾಯವಾಗಲಿ. ಕಚೇರಿಯಲ್ಲಿ ಕಡತವನ್ನು ವಹಿಸಿಕೊಡುವ ನಾವು ಮಕ್ಕಳ ವಿಷಯದಲ್ಲಿ ಅಷ್ಟನ್ನೂ ಮಾಡದಿರುವುದು ಸರಿಯಲ್ಲ.

ಹೊಸ ತರಬೇತುದಾರನನ್ನು ನಂಬೋಣ. ನಂಬದೆ ಯಾವ ತಂಡವೂ ಕಟ್ಟಲ್ಪಡಲಿಲ್ಲ, ಯಾವ ಸಂಘವೂ ನಿಲ್ಲಲಿಲ್ಲ. ಆದರೆ ಕಣಗಿನಹಾಳದ ರೈತರು ಪರಸ್ಪರ ನಂಬಿದ್ದು ಲೆಕ್ಕಪುಸ್ತಕವನ್ನು ಮುಚ್ಚಿಟ್ಟಲ್ಲ. ಕ್ರೀಡಾಂಗಣದಲ್ಲೂ ಆ ಪುಸ್ತಕ ತೆರೆದಿರಲಿ.